ಜಗ್ಗುವ ಬಟ್ಟೆ, ಜಗ್ಗದ ಹೊಲಿಗೆ

ಕಳೆದ ವರ್ಷ ತಾಲೂಕು ಮಟ್ಟದ ಕ್ರೀಡಾಕೂಟಕ್ಕೆ ನಮ್ಮ ಹುಡುಗಿಯರ ಖೋ ಖೋ ತಂಡ ತಯಾರಾಗುತ್ತಿತ್ತು. ಎಲ್ಲರಿಗೂ ಒಂದೇ ಬಣ್ಣದ ಟ್ರ್ಯಾಕ್ ಪ್ಯಾಂಟ್ ಬೇಕಿತ್ತು. ಹೊಲಿಸುವ ಜವಾಬ್ದಾರಿಯನ್ನು ನಾನೇ ಮುಂದೆ ಬಂದು ತೆಗೆದುಕೊಂಡೆ. ಕುಬಿಹಾಳದ ನಮ್ಮ ಮನೆಯಲ್ಲಿ ಅಮ್ಮಿ ಹದಿನೈದು ವರ್ಷಗಳಿಂದ ಹೊಲಿಗೆ ಮಾಡುತ್ತಾರೆ. ಕಾಲಿನಿಂದ ತುಳಿಯುವ ಕರಿ ಯಂತ್ರ ಅದು. ಬ್ಲೌಸ್, ಚೂಡಿದಾರ, ಮಕ್ಕಳ ಫ್ರಾಕು, ಶಾಲೆಯ ಸಮವಸ್ತ್ರ ಎಲ್ಲವೂ ಅದರ ಮೇಲೇ ಆಗಿವೆ. ಹುಬ್ಬಳ್ಳಿಯಿಂದ ಲೈಕ್ರಾ ಬೆರೆತ ಬನಿಯನ್ ಬಟ್ಟೆ ತಂದೆವು. 12 ಪ್ಯಾಂಟ್‌ಗಳು ನಾಲ್ಕು ದಿನದಲ್ಲಿ ಸಿದ್ಧವಾದವು.

ಮೊದಲ ದಿನದ ಅಭ್ಯಾಸದಲ್ಲೇ ಮೂರು ಪ್ಯಾಂಟ್ ಹಿಂದೆ ಬಿಚ್ಚಿಕೊಂಡವು. ಖೋ ಖೋದಲ್ಲಿ ಮಂಡಿ ಮಡಚಿ ಕುಳಿತಿರಬೇಕು, ಖೋ ಸಿಕ್ಕ ಕೂಡಲೇ ಜಿಗಿದು ಏಳಬೇಕು. ಆ ಜಿಗಿತದಲ್ಲಿ ಟರ್ ಎಂದಿತು. ಗೆಳತಿಯೊಬ್ಬಳು ಸೊಂಟಕ್ಕೆ ದುಪಟ್ಟಾ ಸುತ್ತಿಕೊಂಡು, ಯಾರ ಮುಖವನ್ನೂ ನೋಡದೆ ಮನೆಗೆ ಹೋದಳು. ಮರುದಿನ ಅಭ್ಯಾಸಕ್ಕೆ ಬರಲಿಲ್ಲ.

ನಾನು ಮೂರೂ ಪ್ಯಾಂಟ್‌ಗಳನ್ನು ಅಮ್ಮಿಯ ಮುಂದೆ ಇಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿ ಹೇಳಿದ್ದು ಇಷ್ಟೇ: "ಬಟ್ಟಿ ಹರಿದಿಲ್ಲ ನೋಡು. ದಾರ ಹರದೈತಿ. ತಪ್ಪು ನನ್ನ ಹೊಲಿಗಿದು." ಆಮೇಲೆ ಮುಂಗಡ ತೆಗೆದುಕೊಂಡಿದ್ದ ಹಣವನ್ನು ಡಬ್ಬಿಯಿಂದ ತೆಗೆದು ನನ್ನ ಕೈಗೆ ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ. ಕ್ರೀಡಾಕೂಟಕ್ಕೆ ಇನ್ನೂ ಎಂಟು ದಿನ ಇತ್ತು. ಆ ಎಂಟು ದಿನಗಳಲ್ಲಿ ನಾವಿಬ್ಬರೂ ಕಲಿತದ್ದನ್ನು ಈ ಲೇಖನದಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಒಂದು ಹೊಲಿಗೆ ಯಂತ್ರ ಇದ್ದರೆ ಉಪಯೋಗಕ್ಕೆ ಬಂದೀತು.

ಬಟ್ಟೆ ಏಕೆ ಜಗ್ಗುತ್ತದೆ?

ನವಲಗುಂದದ ಜಮಖಾನವನ್ನು ನೀವು ನೋಡಿರುತ್ತೀರಿ. ಅಲ್ಲಿನ ಮುಸ್ಲಿಂ ಮಹಿಳೆಯರು ಮನೆಯಲ್ಲೇ ಮಗ್ಗದ ಮುಂದೆ ಕುಳಿತು ನೇಯುವ, ಜಿಐ ಮಾನ್ಯತೆ ಪಡೆದ ಜಮಖಾನ ಅದು. ಅದರಲ್ಲಿ ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು. ಎರಡೂ ನೇರವಾಗಿ, ಬಿಗಿಯಾಗಿ ಒಂದರ ಮೇಲೊಂದು ದಾಟುತ್ತವೆ. ಹಿಡಿದು ಜಗ್ಗಿದರೆ ಕೈ ನೋಯುತ್ತದೆಯೇ ಹೊರತು ಜಮಖಾನ ಉದ್ದವಾಗುವುದಿಲ್ಲ. ಬ್ಲೌಸಿನ ಪಾಪ್ಲಿನ್, ಸಮವಸ್ತ್ರದ ಬಟ್ಟೆ, ಸೀರೆ ಎಲ್ಲವೂ ಇದೇ ಜಾತಿಯ ನೇಯ್ದ ಬಟ್ಟೆಗಳು.

ಬನಿಯನ್, ಟೀ ಶರ್ಟ್, ಲೆಗ್ಗಿಂಗ್ಸ್, ಸ್ಕಾರ್ಫಿನ ಒಳಗೆ ಹಾಕುವ ಟೋಪಿ ಇವು ನೇಯ್ದವಲ್ಲ, ಹೆಣೆದವು. ಸ್ವೆಟರಿನಂತೆ ಇಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಸಾಗುತ್ತದೆ. ಜಗ್ಗಿದಾಗ ದುಂಡಗಿದ್ದ ಕುಣಿಕೆ ಚಪ್ಪಟೆಯಾಗುತ್ತದೆ, ಬಿಟ್ಟಾಗ ಮತ್ತೆ ದುಂಡಗಾಗುತ್ತದೆ. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರವನ್ನು ಮಾಡಿದ ಮೇಲೆ ಈ ಬಗೆಯ ಬಟ್ಟೆ ಕೈಯಿಂದ ಯಂತ್ರಕ್ಕೆ ಬಂತು. ಇಂದು ನಮ್ಮ ಅಂಗಡಿಗಳ ಬನಿಯನ್ನು, ಟೀ ಶರ್ಟುಗಳ ದೊಡ್ಡ ಪಾಲು ತಮಿಳುನಾಡಿನ ತಿರುಪ್ಪೂರಿನಂಥ ಊರುಗಳಿಂದ ಬರುತ್ತದೆ. ಇನ್ನು ಲೈಕ್ರಾ ಎಂದು ನಾವು ಕರೆಯುವ ರಬ್ಬರಿನಂಥ ಎಳೆಯನ್ನು 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಕಂಡುಹಿಡಿದರು. ಅದನ್ನು ಸ್ವಲ್ಪ ಬೆರೆಸಿದರೂ ಸಾಕು, ಜಗ್ಗಿದ ಬಟ್ಟೆ ಸೆಡೆತು ಮೊದಲಿನ ಅಳತೆಗೇ ಬರುತ್ತದೆ.

ಈಗ ನಮ್ಮ ಪ್ಯಾಂಟ್‌ಗೆ ಬನ್ನಿ. ಬಟ್ಟೆ ಕುಣಿಕೆಗಳದ್ದು, ಜಗ್ಗುತ್ತದೆ. ಅದರ ಮೇಲೆ ಅಮ್ಮಿಯ ಯಂತ್ರ ಹಾಕಿದ ದಾರ ಗೆರೆ ಎಳೆದಂತೆ ನೇರವಾಗಿದೆ, ಜಗ್ಗುವುದಿಲ್ಲ. ಕುಳಿತಾಗ ಬಟ್ಟೆ ಹಿಗ್ಗಿತು, ದಾರ ಹಿಗ್ಗಲಾರದೆ ತುಂಡಾಯಿತು. ಬ್ಲೌಸಿಗೆ ಬಲವಾಗಿದ್ದ ಹೊಲಿಗೆಯೇ ಇಲ್ಲಿ ಸೋತಿತ್ತು.

ಮೊದಲು ಅಳೆಯಿರಿ

ಕತ್ತರಿ ಹಾಕುವ ಮುನ್ನ ಬಟ್ಟೆಯನ್ನು ಒಮ್ಮೆ ನೀರಲ್ಲಿ ಅದ್ದಿ ಒಣಗಿಸಿ. ಹತ್ತಿಯ ಬನಿಯನ್ ಬಟ್ಟೆ ಮೊದಲ ತೊಳೆತದಲ್ಲಿ ಕುಗ್ಗುತ್ತದೆ. ನಂತರ ಮಡಚಿದ ಅಂಚಿನಲ್ಲಿ 10 ಸೆಂ.ಮೀ. ಗುರುತು ಮಾಡಿ, ಅಳತೆ ಪಟ್ಟಿಯ ಮೇಲಿಟ್ಟು ಹಿತವಾಗಿ ಜಗ್ಗಿ. 13 ಸೆಂ.ಮೀ.ಗೆ ಬಂದರೆ ಬಟ್ಟೆ ಶೇ 30 ಜಗ್ಗುತ್ತದೆ ಎಂದರ್ಥ. ನಮ್ಮದು 14ಕ್ಕೆ ಬಂತು, ಶೇ 40. ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಜಗ್ಗುವ ಬಟ್ಟೆಗಳೇ ಹೆಚ್ಚು. ಆ ಹೆಚ್ಚು ಜಗ್ಗುವ ದಿಕ್ಕು ಮೈಯ ಸುತ್ತ ಬರುವಂತೆ ಕತ್ತರಿಸಬೇಕು.

ಒಳಮೈ ಹೊರಮೈ ಗೊತ್ತಾಗದಿದ್ದರೆ ಅಡ್ಡಕ್ಕೆ ಕತ್ತರಿಸಿದ ಅಂಚನ್ನು ಜಗ್ಗಿ ನೋಡಿ. ಸಾದಾ ಬನಿಯನ್ ಬಟ್ಟೆಯ ಆ ಅಂಚು ಹೊರಮೈ ಕಡೆಗೆ ಸುರುಳಿಯಾಗುತ್ತದೆ.

ಸೂಜಿಯ ತುದಿಯಲ್ಲಿ ಅರ್ಧ ಉತ್ತರ

ಬಿಚ್ಚಿಕೊಂಡ ಪ್ಯಾಂಟ್‌ಗಳಲ್ಲಿ ಇನ್ನೊಂದು ದೋಷವೂ ಇತ್ತು. ನಡುನಡುವೆ ಹೊಲಿಗೆ ಬಿಟ್ಟು ಹೋಗಿತ್ತು. ನಾಲ್ಕು ಪದರ ಸೇರಿದಲ್ಲಿ ಅದು ಇನ್ನೂ ಹೆಚ್ಚು. ಯಂತ್ರ ಕೆಟ್ಟಿದೆ ಎಂದು ಅಮ್ಮಿ ಎಣ್ಣೆ ಬಿಟ್ಟರು, ಗಾಲಿಯ ಪಟ್ಟಿ ಬಿಗಿ ಮಾಡಿದರು. ಯಂತ್ರ ಕೆಟ್ಟಿರಲಿಲ್ಲ.

ಹೊಲಿಗೆ ಬೀಳುವುದು ಹೀಗೆ: ಸೂಜಿ ದಾರದೊಂದಿಗೆ ಕೆಳಗಿಳಿದು, ಸ್ವಲ್ಪವೇ ಮೇಲೆ ಏಳುತ್ತದೆ. ಆ ಕ್ಷಣದಲ್ಲಿ ಬಟ್ಟೆ ದಾರವನ್ನು ತಡೆಹಿಡಿಯುವುದರಿಂದ ಸೂಜಿಯ ಹಿಂದೆ ಒಂದು ಸಣ್ಣ ಕುಣಿಕೆ ಮೂಡುತ್ತದೆ. ಕೆಳಗೆ ತಿರುಗುವ ಶಟಲ್‌ನ ಮೂತಿ ಆ ಕುಣಿಕೆಯನ್ನು ಹಿಡಿದು ಬಾಬಿನ್ ದಾರದ ಸುತ್ತ ಹಾಯಿಸುತ್ತದೆ. ಜಗ್ಗುವ ಬಟ್ಟೆ ಸೂಜಿಗೆ ಅಂಟಿಕೊಂಡು ಅದರ ಜೊತೆಗೇ ಮೇಲೆ ಏಳುತ್ತದೆ. ಆಗ ಕುಣಿಕೆ ಮೂಡುವುದಿಲ್ಲ, ಶಟಲ್‌ನ ಮೂತಿಗೆ ಏನೂ ಸಿಗುವುದಿಲ್ಲ. ಒಂದು ಹೊಲಿಗೆ ಹಾರಿತು. ಪದರಗಳು ಹೆಚ್ಚಿದಷ್ಟೂ ಸೂಜಿಯನ್ನು ಹಿಡಿದುಕೊಳ್ಳುವ ಬಟ್ಟೆ ಹೆಚ್ಚು, ಹಾರುವ ಹೊಲಿಗೆಯೂ ಹೆಚ್ಚು.

ಜೊತೆಗೆ ಸಾಮಾನ್ಯ ಸೂಜಿಯ ಚೂಪು ಮೊನೆ ಕುಣಿಕೆಯ ದಾರವನ್ನೇ ಕಡಿಯುತ್ತದೆ. ಒಂದು ಕುಣಿಕೆ ಕಡಿದರೆ ಸಣ್ಣ ತೂತು, ತೊಳೆದ ಮೇಲೆ ಅದೇ ಏಣಿಯಂತೆ ಬಿಡುತ್ತ ಹೋಗುತ್ತದೆ.

ಇದಕ್ಕೆ ಬಾಲ್ ಪಾಯಿಂಟ್ ಸೂಜಿ ಇದೆ. ಅದರ ಮೊನೆ ತುಸು ಗುಂಡಗಿದ್ದು, ದಾರವನ್ನು ಕಡಿಯದೆ ಸರಿಸಿ ನಡುವೆ ಇಳಿಯುತ್ತದೆ. ಲೈಕ್ರಾ ಬಟ್ಟೆಗೆ ಎಚ್‌ಎ×1 ಎಸ್‌ಪಿ ಎಂಬ ಗುರುತಿನ ಸೂಜಿ ಇನ್ನೂ ಒಳ್ಳೆಯದು. ಹುಬ್ಬಳ್ಳಿಯ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಎರಡು ತೆಳು ಪದರಕ್ಕೆ 11ನೇ ನಂಬರ್, ನಾಲ್ಕು ಮತ್ತು ಹೆಚ್ಚಿನ ಪದರಕ್ಕೆ 14ನೇ ನಂಬರ್. ಕೊಳ್ಳುವಾಗ ಹಳೆಯ ಸೂಜಿಯನ್ನು ಜೊತೆಗೆ ಒಯ್ಯಿರಿ. ಮನೆ ಯಂತ್ರದ ಸೂಜಿಯ ಬುಡ ಒಂದು ಕಡೆ ಚಪ್ಪಟೆ, ಕಾರ್ಖಾನೆ ಯಂತ್ರದ್ದು ಪೂರಾ ದುಂಡಗೆ. ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ಹಾಕುವಾಗ ಹಳೆಯದರ ಚಪ್ಪಟೆ ಭಾಗ ಯಾವ ಕಡೆಗಿತ್ತೋ ಅದೇ ಕಡೆಗಿರಲಿ. ಸುಮಾರು 8 ತಾಸು ಹೊಲಿದ ಮೇಲೆ ಸೂಜಿ ಬದಲಿಸಿ. ಅಮ್ಮಿ ಅಲ್ಲಿಯವರೆಗೆ ಮುರಿದ ಮೇಲಷ್ಟೇ ಸೂಜಿ ಬದಲಿಸುತ್ತಿದ್ದರು!

ದಾರ ಪಾಲಿಯೆಸ್ಟರ್ ಇರಲಿ. ಹತ್ತಿ ದಾರಕ್ಕಿಂತ ಅದು ಹೆಚ್ಚು ಹಿಗ್ಗುತ್ತದೆ. ಮೇಲೆ ಮತ್ತು ಬಾಬಿನ್‌ನಲ್ಲಿ ಒಂದೇ ದಾರ ಬಳಸಿ.

ಪದರಗಳು ಏಕೆ ಸರಿಯುತ್ತವೆ?

ಎರಡು ಪದರಗಳನ್ನು ಸಮನಾಗಿ ಇಟ್ಟು ಹೊಲಿಯಲು ಆರಂಭಿಸಿದರೂ ಕೊನೆಗೆ ಮೇಲಿನದು ಎರಡು ಬೆರಳು ಉದ್ದ ಉಳಿಯುತ್ತದೆ. ಇದು ಘರ್ಷಣೆಯ ಪಾಠ. ಕೆಳಗಿನ ಪದರವನ್ನು ಯಂತ್ರದ ಹಲ್ಲುಗಳು ಹಿಡಿದು ಹಿಂದಕ್ಕೆ ಸಾಗಿಸುತ್ತವೆ. ಮೇಲಿನ ಪದರದ ಮೇಲೆ ಪಾದ ಕುಳಿತಿದೆ, ಅದು ತಡೆಯುತ್ತದೆ. ಕೆಳಗಿನದು ಮುಂದೆ ಹೋಯಿತು, ಮೇಲಿನದು ಹಿಂದೆ ಉಳಿಯಿತು. ನೇಯ್ದ ಬಟ್ಟೆಯಲ್ಲಿ ಈ ವ್ಯತ್ಯಾಸ ಕೂದಲೆಳೆಯಷ್ಟು. ಜಗ್ಗುವ ಬಟ್ಟೆಯಲ್ಲಿ ಪಾದ ಪದರವನ್ನು ಒತ್ತಿ ಉದ್ದ ಮಾಡಿಬಿಡುತ್ತದೆ, ಹೊಲಿಗೆ ಅಲೆಅಲೆಯಾಗಿ ಏಳುತ್ತದೆ. ಮೂರು ನಾಲ್ಕು ಪದರಗಳಿದ್ದರೆ ನಡುವಿನವು ತಮ್ಮದೇ ದಾರಿ ಹಿಡಿಯುತ್ತವೆ.

ಇಲ್ಲಿ ನಮಗೆ ದಾರಿ ತೋರಿಸಿದವರು ನಮ್ಮ ನಾನಿ. ಅವರು ಯಂತ್ರ ಮುಟ್ಟಿದವರಲ್ಲ, ಕೌದಿ ಹೊಲಿಯುವವರು. ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೂಲೆಗಳಿಗೆ ಕಲ್ಲಿಟ್ಟು, ಮೊದಲು ಉದ್ದನೆಯ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಸಣ್ಣ ಹೊಲಿಗೆಗೆ ಕೂರುತ್ತಾರೆ. "ಪದರಾ ಮೊದಲ ಒಂದಕ್ಕೊಂದು ಹೊಂದಬೇಕವಾ. ಸೂಜಿ ಆಮ್ಯಾಲೆ," ಎಂದರು. ನಮ್ಮ ಜಿಲ್ಲೆಯ ಕಲಘಟಗಿಯಲ್ಲೂ ಪಕ್ಕದ ಹಳಿಯಾಳ, ಯಲ್ಲಾಪುರಗಳಲ್ಲೂ ಇರುವ ಸಿದ್ದಿ ಮಹಿಳೆಯರ ಕೌದಿಗಳು ದೇಶದ ಹೊರಗೂ ಹೆಸರು ಮಾಡಿವೆ. ಅವರು ಅಂಚಿನಿಂದ ಹೊಲಿಗೆ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಇಬ್ಬರದ್ದೂ ಒಂದೇ ಕಾಳಜಿ. ಪದರಗಳು ಸರಿಯಬಾರದು.

ಅದನ್ನೇ ಯಂತ್ರಕ್ಕೆ ಹೀಗೆ ತಂದೆವು:

ಒಂದು, ಪದರಗಳನ್ನು ಮೇಜಿನ ಮೇಲೆ ಜಗ್ಗದೆ ಹಾಸಿ, ಎರಡೆರಡು ಬೆರಳಿಗೆ ಒಂದರಂತೆ ಟಾಚಣಿ ಚುಚ್ಚುವುದು. ನಾಲ್ಕು ಪದರವಿದ್ದರೆ ಕೈಯಿಂದ ಕಚ್ಚಾ ಹೊಲಿಗೆ ಹಾಕುವುದು. ಹತ್ತು ನಿಮಿಷ ಹೋಗುತ್ತದೆ, ಬಿಚ್ಚುವ ಒಂದು ತಾಸು ಉಳಿಯುತ್ತದೆ.

ಎರಡು, ಪಾದದ ಒತ್ತಡ ಕಡಿಮೆ ಮಾಡುವುದು. ಕರಿ ಯಂತ್ರದ ತಲೆಯ ಮೇಲೆ, ಪಾದದ ಕಡ್ಡಿಯ ತುದಿಗೆ ಒಂದು ತಿರುಪು ಇರುತ್ತದೆ. ಅದನ್ನು ಒಂದೆರಡು ಸುತ್ತು ಸಡಿಲಿಸಿ. ಅಮ್ಮಿ ಇಷ್ಟು ವರ್ಷದಲ್ಲಿ ಆ ತಿರುಪನ್ನು ಮುಟ್ಟಿರಲೇ ಇಲ್ಲ.

ಮೂರು, ಎರಡರಲ್ಲಿ ತುಸು ಉದ್ದವಿರುವ ಅಥವಾ ಹೆಚ್ಚು ಜಗ್ಗುವ ಪದರವನ್ನು ಕೆಳಗೆ ಇಡುವುದು. ಹಲ್ಲುಗಳು ಅದನ್ನು ತಾವೇ ಹೊಂದಿಸಿಕೊಳ್ಳುತ್ತವೆ.

ನಾಲ್ಕು, ಬಟ್ಟೆ ತೂತಿನೊಳಗೆ ಸಿಕ್ಕಿಕೊಂಡರೆ ಅಥವಾ ಅಲೆ ಎದ್ದರೆ ಕೆಳಗೆ ತೆಳುವಾದ ಬಿಳಿ ಕಾಗದದ ಪಟ್ಟಿ ಇಟ್ಟು ಹೊಲಿದು, ನಂತರ ಹರಿದು ತೆಗೆಯುವುದು. ದಿನಪತ್ರಿಕೆ ಬೇಡ, ಮಸಿ ಹತ್ತುತ್ತದೆ.

ಜಗ್ಗುವಷ್ಟು ದಾರ ಕೊಡಿ

ಹೊಲಿಗೆ ಹಾರುವುದು ನಿಂತಿತು, ಪದರ ಸರಿಯುವುದು ನಿಂತಿತು. ಆದರೆ ದಾರ ಇನ್ನೂ ನೇರವಾಗಿಯೇ ಇತ್ತು. ಬಟ್ಟೆ ಜಗ್ಗಿದಾಗ ಜೊತೆಗೆ ಬರುವಷ್ಟು ದಾರವನ್ನು ಹೊಲಿಗೆಯೊಳಗೆ ಮೊದಲೇ ಕೂಡಿಡಬೇಕು. ಅದಕ್ಕೆ ಜಿಗ್‌ಜಾಗ್ ಹೊಲಿಗೆ. ಎಷ್ಟು ದಾರ ಸಿಗುತ್ತದೆ ಎಂಬುದಕ್ಕೆ ಪೈಥಾಗೊರಸ್ ಪ್ರಮೇಯ ಸಾಕು.

ಸೂಜಿ ಪ್ರತಿ ಹೊಲಿಗೆಗೆ 2 ಮಿ.ಮೀ. ಮುಂದೆ, 1 ಮಿ.ಮೀ. ಪಕ್ಕಕ್ಕೆ ಹೋದರೆ ದಾರದ ಓರೆ ಉದ್ದ √5, ಅಂದರೆ ಸುಮಾರು 2.24 ಮಿ.ಮೀ. ನೇರ ಹೊಲಿಗೆಗಿಂತ ಶೇ 12 ಹೆಚ್ಚು ದಾರ. 1.5 ಮುಂದೆ, 1.5 ಪಕ್ಕಕ್ಕೆ ಹೋದರೆ ಓರೆ ಉದ್ದ ಸುಮಾರು 2.12, ಅಂದರೆ ಶೇ 41 ಹೆಚ್ಚು. 1.5 ಮುಂದೆ, 2 ಪಕ್ಕಕ್ಕೆ ಹೋದರೆ ನಮಗೆಲ್ಲ ಗೊತ್ತಿರುವ 3-4-5 ತ್ರಿಕೋನ. ಓರೆ 2.5, ಶೇ 67 ಹೆಚ್ಚು. ಇದು ಅಂದಾಜಿನ ಲೆಕ್ಕ, ಆದರೆ ದಿಕ್ಕು ತೋರಿಸುತ್ತದೆ. ಅಗಲ ಹೆಚ್ಚಾದಷ್ಟೂ ಹೊಲಿಗೆ ಹಲ್ಲು ಕಿರಿದಂತೆ ಹೊರಗೆ ಕಾಣುವುದರಿಂದ ಬೇಕಾದದ್ದಕ್ಕಿಂತ ಹೆಚ್ಚು ಅಗಲ ಇಡಬಾರದು. ಶೇ 40 ಜಗ್ಗುವ ನಮ್ಮ ಬಟ್ಟೆಗೆ ಎರಡನೆಯ ಲೆಕ್ಕ ಸರಿಯಾಗಿ ಕೂತಿತು.

ಅಮ್ಮಿಯ ಯಂತ್ರ ನೇರ ಹೊಲಿಗೆಯದ್ದು. ಜಿಗ್‌ಜಾಗ್ ಎಲ್ಲಿಂದ ತರುವುದು? ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಸೀರೆಯ ಅಂಚಿಗೆ ಪಿಕೋ ಮಾಡುವ ಯಂತ್ರವೇ ಜಿಗ್‌ಜಾಗ್ ಯಂತ್ರ! ಹಿಂದಿನ ಓಣಿಯ ಅಕ್ಕನ ಮನೆಯಲ್ಲಿ ಅದಿತ್ತು. ಅಗಲ ಕಡಿಮೆ ಮಾಡಿ, ಉದ್ದ ಹೆಚ್ಚಿಸಿದರೆ ಅದರಲ್ಲೇ ಪ್ಯಾಂಟ್ ಹೊಲಿಯಬಹುದು. ನಿಮ್ಮ ಊರಲ್ಲೂ ಪಿಕೋ ಮಾಡುವವರು ಒಬ್ಬರಾದರೂ ಇರುತ್ತಾರೆ, ಕೇಳಿ ನೋಡಿ.

ಎಲ್ಲ ಹೊಲಿಗೆಯೂ ಜಿಗ್‌ಜಾಗ್ ಆಗಬೇಕಿಲ್ಲ. ಕಾಲಿನ ಉದ್ದಕ್ಕೆ ಬರುವ ಪಕ್ಕದ ಹೊಲಿಗೆಯ ಮೇಲೆ ಜಗ್ಗಾಟ ಕಡಿಮೆ. ಹಿಂದಿನ ಹೊಲಿಗೆ ಮತ್ತು ಸೊಂಟಪಟ್ಟಿಯ ಮೇಲೆ ಅತಿ ಹೆಚ್ಚು. ಆದ್ದರಿಂದ ಪಕ್ಕದ್ದನ್ನು ಮನೆಯಲ್ಲಿ, ಉಳಿದ ಎರಡನ್ನು ಪಿಕೋ ಯಂತ್ರದಲ್ಲಿ ಹೊಲಿದೆವು.

ನೇರ ಹೊಲಿಗೆಯೊಂದೇ ಗತಿಯಾದರೆ ಹೀಗೆ ಮಾಡಿ. ಹೊಲಿಗೆಯ ಉದ್ದವನ್ನು 2 ಮಿ.ಮೀ.ಗೆ ಇಳಿಸಿ, ಅಂದರೆ ಇಂಚಿಗೆ 12-13 ಹೊಲಿಗೆ. ಹೊಲಿಗೆ ಸಣ್ಣದಾದಷ್ಟೂ ಇಂಚಿಗೆ ಕೂಡುವ ದಾರ ಹೆಚ್ಚು. ಮೇಲಿನ ದಾರದ ಬಿಗಿ ಸಡಿಲಿಸಿ. ಬಾಬಿನ್ ಕೇಸನ್ನು ದಾರದಿಂದ ತೂಗುಬಿಟ್ಟು ಸಣ್ಣಗೆ ಕುಲುಕಿದರೆ ಅದು ತುಸು ಇಳಿದು ನಿಲ್ಲಬೇಕು. ಇಳಿಯದಿದ್ದರೆ ಅದರ ಸಣ್ಣ ತಿರುಪನ್ನು ಕಾಲು ಸುತ್ತು ಸಡಿಲಿಸಿ. ಆಮೇಲೆ 3 ಮಿ.ಮೀ. ಅಂತರದಲ್ಲಿ ಎರಡು ಸಾಲು ಹೊಲಿಗೆ ಹಾಕಿ. ಹೊಲಿಯುವಾಗ ಬಟ್ಟೆಯನ್ನು ಸೂಜಿಯ ಹಿಂದೆ ಒಂದು ಕೈ, ಮುಂದೆ ಒಂದು ಕೈ ಇಟ್ಟು ಸಮನಾಗಿ ಬಿಗಿ ಹಿಡಿಯಿರಿ. ಹಿಡಿಯುವುದು ಬೇರೆ, ಜಗ್ಗುವುದು ಬೇರೆ. ಒಂದೇ ಕಡೆಗೆ ಜಗ್ಗಿದರೆ ಸೂಜಿ ಬಾಗಿ ತಟ್ಟೆಗೆ ಬಡಿದು ಮುರಿಯುತ್ತದೆ. ಬಟ್ಟೆಯನ್ನು ಸಾಗಿಸುವುದು ಹಲ್ಲುಗಳ ಕೆಲಸ, ನಮ್ಮದಲ್ಲ.

ದಿಬ್ಬ ದಾಟುವುದು

ನಾಲ್ಕು ಹೊಲಿಗೆಗಳು ಕೂಡುವ ಜಾಗದಲ್ಲಿ ಯಂತ್ರ ನಿಂತು ಬಿಡುತ್ತದೆ. ಒಳಗಾಲಿನ ಹೊಲಿಗೆಯ ಎರಡೂ ಅಂಚುಗಳನ್ನು ಒಂದೇ ಕಡೆ ಮಡಚಿದರೆ ಅಲ್ಲಿ 3 ಪದರ. ಎರಡು ಕಾಲು ಸೇರಿದರೆ 6. ಒಂದು ಕಾಲಿನ ಅಂಚನ್ನು ಎಡಕ್ಕೆ, ಇನ್ನೊಂದರದ್ದನ್ನು ಬಲಕ್ಕೆ ಮಡಚಿದರೆ ಎಲ್ಲೂ 4 ದಾಟುವುದಿಲ್ಲ. ದಿಬ್ಬ ಅರ್ಧ ಕರಗಿತು.

ಉಳಿದ ದಿಬ್ಬಕ್ಕೆ ಪಾದ ಹತ್ತುವಾಗ ಅದರ ಮೂತಿ ಮೇಲಕ್ಕೆ ಎದ್ದು ಹಿಂಭಾಗ ಕೆಳಗೆ ಉಳಿಯುತ್ತದೆ. ಪಾದ ಓರೆಯಾದರೆ ಹಲ್ಲುಗಳ ಹಿಡಿತ ತಪ್ಪುತ್ತದೆ. ಬಟ್ಟೆಯ ಚೂರೊಂದನ್ನು ದಿಬ್ಬದಷ್ಟೇ ದಪ್ಪಕ್ಕೆ ಮಡಚಿ ಪಾದದ ಹಿಂಭಾಗಕ್ಕೆ ಆಸರೆ ಕೊಡಿ. ಪಾದ ಸಮನಾಗುತ್ತದೆ. ಇಲ್ಲಿ ಕಾಲು ತುಳಿಯುವುದು ಬೇಡ, ಕೈಯಿಂದ ಗಾಲಿ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಿ.

ಸೊಂಟಪಟ್ಟಿಯಲ್ಲಿ ಬಟ್ಟೆ, ಇಲಾಸ್ಟಿಕ್, ಮತ್ತೆ ಬಟ್ಟೆ ಸೇರಿ 3 ಪದರ, ಹೊಲಿಗೆ ಬಂದಲ್ಲಿ 7. ಇಲಾಸ್ಟಿಕ್ಕನ್ನು ಮತ್ತು ಸೊಂಟದ ಸುತ್ತಳತೆಯನ್ನು ನಾಲ್ಕು ಸಮಪಾಲು ಮಾಡಿ ಗುರುತು ಹಾಕಿ. ಗುರುತಿಗೆ ಗುರುತು ಕೂಡಿಸಿ ಟಾಚಣಿ ಚುಚ್ಚಿ. ಇಲ್ಲಿ ಮಾತ್ರ ಜಗ್ಗಬೇಕು, ಅದೂ ಇಲಾಸ್ಟಿಕ್ಕನ್ನು, ಬಟ್ಟೆಯ ಅಳತೆಗೆ ಬರುವಷ್ಟು. ಇಲಾಸ್ಟಿಕ್ಕಿನ ತುದಿಗಳ ಜೋಡಣೆ ಪ್ಯಾಂಟಿನ ಹೊಲಿಗೆಯ ಮೇಲೆಯೇ ಬಾರದಂತೆ ಅರ್ಧ ಇಂಚು ಪಕ್ಕಕ್ಕೆ ಸರಿಸಿ.

ಕೊನೆಯ ಪರೀಕ್ಷೆ

ಪ್ರತಿ ಹೊಸ ಬಟ್ಟೆಗೂ ಮೊದಲು ಅದೇ ಬಟ್ಟೆಯ ಚೂರಿನ ಮೇಲೆ, ಅಷ್ಟೇ ಪದರಗಳಿಟ್ಟು, ಒಂದು ಗೇಣು ಹೊಲಿಯಿರಿ. ಎರಡೂ ಕೈಯಲ್ಲಿ ಹಿಡಿದು ಪೂರಾ ಜಗ್ಗಿ. ದಾರ ಕಡಿದರೆ ಹೊಲಿಗೆಯ ಅಗಲ ಹೆಚ್ಚಿಸಿ. ಬಿಟ್ಟ ಮೇಲೆ ಅಲೆ ಉಳಿದರೆ ಪಾದದ ಒತ್ತಡ ಇನ್ನೂ ಇಳಿಸಿ. ಹೊಲಿಗೆ ಹಾರಿದರೆ ಸೂಜಿ ಬದಲಿಸಿ. ಈ ಚೂರು ಪಾಸಾಗದೆ ನಿಜವಾದ ಬಟ್ಟೆಗೆ ಕೈ ಹಚ್ಚಬೇಡಿ. ಇಸ್ತ್ರಿ ಹಾಕುವಾಗ ಶಾಖ ಕಡಿಮೆ ಇರಲಿ, ಎಳೆಯದೆ ಒತ್ತಿ ಒತ್ತಿ ತೆಗೆಯಿರಿ. ಹೆಚ್ಚು ಶಾಖಕ್ಕೆ ಲೈಕ್ರಾ ಎಳೆ ಸತ್ತು ಹೋಗುತ್ತದೆ.

ಆರು ರಾತ್ರಿ ಕುಳಿತು 12 ಪ್ಯಾಂಟ್‌ಗಳನ್ನೂ ಬಿಚ್ಚಿ ಮತ್ತೆ ಹೊಲಿದೆವು. ನಾನು ಬಿಚ್ಚುವುದು, ಅಮ್ಮಿ ಹೊಲಿಯುವುದು. ದುಪಟ್ಟಾ ಸುತ್ತಿಕೊಂಡು ಹೋಗಿದ್ದ ಗೆಳತಿಯ ಮನೆಗೆ ಅಮ್ಮಿಯೇ ಹೋಗಿ ಪ್ಯಾಂಟ್ ಕೊಟ್ಟು, ಅಲ್ಲೇ ಹಾಕಿಸಿ, ಹತ್ತು ಸಲ ಕೂತು ಏಳಿಸಿದರು. ಅವಳು ಮರುದಿನ ಅಭ್ಯಾಸಕ್ಕೆ ಬಂದಳು. ಕ್ರೀಡಾಕೂಟದಲ್ಲಿ ನಾವು ಸೆಮಿಫೈನಲ್‌ನಲ್ಲಿ ಸೋತೆವು. ಆದರೆ ಹಿಂದಿನ ಹೊಲಿಗೆ ಒಂದೂ ಬಿಚ್ಚಲಿಲ್ಲ. ಒಬ್ಬಳ ಪ್ಯಾಂಟಿನ ಪಾದದ ಅಂಚು ಮಾತ್ರ ಬಿಟ್ಟಿತು. ಸಮಯ ಸಾಲದೆ ಅದೊಂದನ್ನು ಹಳೆಯ ನೇರ ಹೊಲಿಗೆಯಲ್ಲೇ ಬಿಟ್ಟಿದ್ದೆವು.

ಈಗ ಅಮ್ಮಿ ಲೆಗ್ಗಿಂಗ್ಸ್, ಟ್ರ್ಯಾಕ್ ಪ್ಯಾಂಟ್, ಸ್ಕಾರ್ಫಿನ ಒಳಟೋಪಿಗಳ ಕೆಲಸವನ್ನು ಧೈರ್ಯವಾಗಿ ಹಿಡಿಯುತ್ತಾರೆ. ಪಿಕೋ ಯಂತ್ರದ ಅಕ್ಕನಿಗೂ ಅದರಲ್ಲಿ ಪಾಲು. ಹಳ್ಳಿಯ ಹೊಲಿಗೆಯವರಿಗೆ ಇದು ಸಣ್ಣ ವಿಷಯವಲ್ಲ. ಬ್ಲೌಸು, ಚೂಡಿದಾರದ ಗಿರಾಕಿಗಳೇ ಇಂದು ಮಕ್ಕಳಿಗೆ ಜಗ್ಗುವ ಬಟ್ಟೆಯ ಸಿದ್ಧ ಉಡುಪು ಕೊಳ್ಳುತ್ತಿದ್ದಾರೆ. ಅದನ್ನು ಹೊಲಿಯಲು ಬಾರದವರ ಕೈಯಿಂದ ಕೆಲಸ ಜಾರುತ್ತದೆ. ನಿಮ್ಮ ಮನೆಯಲ್ಲಿ ಹೊಲಿಗೆಯೇ ಕಸುಬಾಗಿದ್ದರೆ ಇನ್ನೊಂದು ಮಾತು ತಿಳಿದಿರಲಿ. ಕೇಂದ್ರ ಸರಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಒಂದು. ತರಬೇತಿಯ ಜೊತೆಗೆ ಉಪಕರಣಕ್ಕಾಗಿ 15,000 ರೂಪಾಯಿವರೆಗೆ ನೆರವು ಅದರಲ್ಲಿದೆ. ಜಿಗ್‌ಜಾಗ್ ಯಂತ್ರ ಕೊಳ್ಳಬೇಕೆಂದು ಅಮ್ಮಿಯೂ ಅರ್ಜಿ ಹಾಕುವ ಯೋಚನೆಯಲ್ಲಿದ್ದಾರೆ.

ಅಲ್ಲಿಯವರೆಗೆ ಒಂದು ಬಾಲ್ ಪಾಯಿಂಟ್ ಸೂಜಿ, ಸಡಿಲಿಸಿದ ಒಂದು ತಿರುಪು, ಹತ್ತು ನಿಮಿಷದ ಕಚ್ಚಾ ಹೊಲಿಗೆ. ಆ ಹಳೆಯ ಕರಿ ಯಂತ್ರಕ್ಕೆ ಬೇಕಾಗಿದ್ದದ್ದು ಇಷ್ಟೇ. ಈ ಭಾನುವಾರ ಹಳೆಯದೊಂದು ಟೀ ಶರ್ಟ್ ಕತ್ತರಿಸಿ, ನಾಲ್ಕು ಪದರ ಮಾಡಿ, ನೀವೂ ಒಂದು ಗೇಣು ಹೊಲಿದು ನೋಡಿ. ಹೊಲಿದ ಮೇಲೆ ಜಗ್ಗಿ ನೋಡುವುದನ್ನು ಮರೆಯಬೇಡಿ.